ಸಂಪಾದಕರ ಮೌನ ಬರಹ: ಬರ್ಲಿನ್ನಿನ ಶೋಕೆನ್ ಪುಸ್ತಕಮಾಲೆ

ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗ ನಾವು ಮೊದಲು ನೋಡುವುದು ಅದರ ಶೀರ್ಷಿಕೆಯನ್ನು, ಅನಂತರ ಅದನ್ನು ಬರೆದವರ ಹೆಸರನ್ನು. ಆ ಪುಸ್ತಕವನ್ನು ಅಚ್ಚಿಗೆ ಆರಿಸಿದವರು ಯಾರು, ಹಸ್ತಪ್ರತಿಯ ಯಾವ ಭಾಗವನ್ನು ಉಳಿಸಿ ಯಾವುದನ್ನು ಕೈಬಿಟ್ಟರು, ಇಂಥ ಕಾಲದಲ್ಲಿ ಇಂಥದೇ ಪುಸ್ತಕ ಜನರ ಕೈಸೇರಬೇಕೆಂದು ನಿರ್ಧರಿಸಿದವರು ಯಾರು ಎಂಬ ಪ್ರಶ್ನೆಗಳು ನಮ್ಮ ಮನಸ್ಸಿನಲ್ಲಿ ಏಳುವುದು ಅಪರೂಪ. ಪ್ರಕಾಶನ ಸಂಸ್ಥೆಯ ಸಂಪಾದಕರು ಅಂಥ ಕೆಲಸ ಮಾಡುವವರು. ಮದುವೆಯ ಊಟದಲ್ಲಿ ಅಡುಗೆಯನ್ನು ಹೊಗಳುವವರು ಬಹಳ. ಒಲೆಯ ಮುಂದೆ ನಿಂತವರ ಹೆಸರು ಕೇಳುವವರು ಕಡಿಮೆ. ಸಂಪಾದಕರ ಪಾಡೂ ಅದೇ. ಅವರ ಹೆಸರು ಮುಖಪುಟದ ಮೇಲೆ ಇರುವುದಿಲ್ಲವಾದ್ದರಿಂದ ವಿಮರ್ಶಕರ ಕಣ್ಣಿಗೂ ಅವರು ಬೀಳುವುದಿಲ್ಲ.

ಆದ್ದರಿಂದಲೇ ಈ ಲೇಖನದಲ್ಲಿ ಯಾವ ಲೇಖಕರ ಕೃತಿಯನ್ನೂ ವಿಮರ್ಶೆಗೆ ಎತ್ತಿಕೊಂಡಿಲ್ಲ. ಸಂಪಾದಕರ ಕೃತಿಯೊಂದನ್ನು ಎತ್ತಿಕೊಂಡಿದ್ದೇನೆ. ಅದು ಜರ್ಮನಿಯ ಬರ್ಲಿನ್ ನಗರದ ಶೋಕೆನ್ ಎಂಬ ಯೆಹೂದಿ ಪ್ರಕಾಶನ ಸಂಸ್ಥೆ ೧೯೩೩ರಿಂದ ೧೯೩೮ರವರೆಗೆ ಹೊರತಂದ ಕಿರುಪುಸ್ತಕಗಳ ಮಾಲೆ. ಸುಮಾರು ತೊಂಬತ್ತು ಪುಸ್ತಕಗಳ ಈ ಮಾಲೆಯನ್ನು ಬಿಡಿಬಿಡಿಯಾಗಿ ನೋಡಿದರೆ ಅವು ಹಳೆಯ ಗ್ರಂಥಗಳ ಆಯ್ದ ಭಾಗಗಳು, ಕಥೆಗಳು, ಪ್ರಬಂಧಗಳು, ಅಷ್ಟೆ. ಅವು ಪ್ರಕಟವಾದ ವರ್ಷಗಳೊಡನೆ ಜೋಡಿಸಿ ಓದಿದರೆ ಬೇರೊಂದು ಬರಹ ಕಾಣುತ್ತದೆ. ಆ ಬರಹವನ್ನು ಬರೆದವರು ಸಂಪಾದಕರು. ಅದರಲ್ಲಿ ಒಂದು ಅಕ್ಷರವೂ ಅವರ ಸ್ವಂತದ್ದಲ್ಲ. ಆದರೂ ಅದು ಅವರದೇ.

ಮೂವರು ವ್ಯಕ್ತಿಗಳು

ಈ ಪ್ರಕಾಶನವನ್ನು ಅರ್ಥಮಾಡಿಕೊಳ್ಳಲು ಮೂವರ ಪರಿಚಯ ಅವಶ್ಯ. ಮೊದಲನೆಯವರು ಸಾಲ್ಮನ್ ಶೋಕೆನ್. ೧೮೭೭ರಲ್ಲಿ ಹುಟ್ಟಿದ ಇವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಜರ್ಮನಿಯ ಹಲವು ಪಟ್ಟಣಗಳಲ್ಲಿ ದೊಡ್ಡ ಅಂಗಡಿ ಮಳಿಗೆಗಳನ್ನು ನಡೆಸಿದ ವ್ಯಾಪಾರಿ. ವ್ಯಾಪಾರದಿಂದ ಬಂದ ಹಣದಲ್ಲಿ ಹಳೆಯ ಹೀಬ್ರೂ ಹಸ್ತಪ್ರತಿಗಳನ್ನು ಸಂಗ್ರಹಿಸಿದರು. ಹೀಬ್ರೂ ಕಾವ್ಯದ ಸಂಶೋಧನೆಗೆ ಸಂಸ್ಥೆಯೊಂದನ್ನು ಕಟ್ಟಿದರು. ೧೯೩೧ರಲ್ಲಿ ತಮ್ಮ ಹೆಸರಿನ ಪ್ರಕಾಶನವನ್ನು ಆರಂಭಿಸಿದರು. ಮುಂದೆ ೧೯೬೬ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಹೀಬ್ರೂ ಕಥೆಗಾರ ಅಗ್ನಾನ್ ಅವರನ್ನು ದೀರ್ಘಕಾಲ ಪೋಷಿಸಿದವರೂ ಇವರೇ.

ಎರಡನೆಯವರು ಲಾಂಬರ್ಟ್ ಶ್ನೈಡರ್. ಇವರು ಯೆಹೂದ್ಯರಲ್ಲ, ಕ್ರೈಸ್ತರು. ೧೯೨೫ರಲ್ಲಿ, ತಮ್ಮ ಇಪ್ಪತ್ತೈದರ ಹರೆಯದಲ್ಲಿ, ಯೆಹೂದಿ ಚಿಂತಕ ಮಾರ್ಟಿನ್ ಬೂಬರ್ ಅವರನ್ನು ಸಂಪರ್ಕಿಸಿ, ಹೀಬ್ರೂ ಬೈಬಲನ್ನು ಹೊಸದಾಗಿ ಜರ್ಮನ್ ಭಾಷೆಗೆ ತಂದುಕೊಡಬೇಕೆಂದು ಕೇಳಿಕೊಂಡ ತರುಣ ಪ್ರಕಾಶಕ ಇವರು. ತಮ್ಮ ಮಿತ್ರ ಫ್ರಾಂಜ್ ರೋಸೆನ್‌ಜ್ವೈಗ್ ಜೊತೆಗೂಡುವುದಾದರೆ ಒಪ್ಪುವೆನೆಂದರು ಬೂಬರ್. ರೋಸೆನ್‌ಜ್ವೈಗ್ ಆಗಲೇ ಅಂಗಾಂಗಗಳೆಲ್ಲ ಸ್ವಾಧೀನ ತಪ್ಪುವ ರೋಗಕ್ಕೆ ತುತ್ತಾಗಿದ್ದರು. ಆದರೂ ಕೆಲಸ ಆರಂಭವಾಯಿತು. ಅದೇ ವರ್ಷ ಆದಿಕಾಂಡ ಅಚ್ಚಾಯಿತು. ಶೋಕೆನ್ ಪ್ರಕಾಶನ ಹುಟ್ಟಿದಾಗ ಶ್ನೈಡರ್ ಅದರ ಹೊಣೆ ಹೊತ್ತರು. ಯೆಹೂದಿ ಪ್ರಕಾಶನವೊಂದರ ಮೇಜಿನ ಮುಂದೆ ಕುಳಿತು ದುಡಿದ ಕ್ರೈಸ್ತ ಎಂಬುದನ್ನು ನೆನಪಿನಲ್ಲಿಡಿ. ಆ ಮಾತಿಗೆ ಮತ್ತೆ ಬರುತ್ತೇನೆ.

ಮೂರನೆಯವರು ಮೋರಿಟ್ಸ್ ಸ್ಪಿಟ್ಸರ್. ೧೯೦೦ರಲ್ಲಿ ಮೊರಾವಿಯಾ ಪ್ರಾಂತದಲ್ಲಿ ಹುಟ್ಟಿದ ಇವರು ಓದಿದ್ದು ಭಾರತೀಯ ವಿದ್ಯೆಗಳನ್ನು, ಪಳಗಿದ್ದು ಸಂಸ್ಕೃತದಲ್ಲಿ. ಮಧ್ಯ ಏಷ್ಯಾದ ಕಿಜಿಲ್ ಎಂಬಲ್ಲಿ ೧೯೦೬ರಲ್ಲಿ ಜರ್ಮನ್ ಸಂಶೋಧಕರಿಗೆ ಸಿಕ್ಕಿದ, ನೂರಾರು ಚೂರುಗಳಾಗಿ ಒಡೆದಿದ್ದ ತಾಳೆಯೋಲೆಯ ಹಸ್ತಪ್ರತಿಯನ್ನು ೧೯೨೦ರ ದಶಕದ ಕೊನೆಯಲ್ಲಿ ಮೊದಲು ಅಧ್ಯಯನಕ್ಕೆ ಎತ್ತಿಕೊಂಡವರು ಇವರು. ಉಳಿದುಬಂದಿರುವ ಸಂಸ್ಕೃತ ತತ್ತ್ವಶಾಸ್ತ್ರದ ಹಸ್ತಪ್ರತಿಗಳಲ್ಲಿ ಅದೇ ಅತ್ಯಂತ ಹಳೆಯದೆಂದು ವಿದ್ವಾಂಸರು ಹೇಳುತ್ತಾರೆ. ಮಹಾಭಾರತದ ಪರ್ವಗಳ ಪ್ರಾಚೀನ ಪಟ್ಟಿಯೊಂದು ಅದರ ಚೂರುಗಳಲ್ಲಿದೆ. ಇಂದಿಗೂ ಅದರ ಹೆಸರು 'ಸ್ಪಿಟ್ಸರ್ ಹಸ್ತಪ್ರತಿ' ಎಂದೇ. ಇಂಥ ವಿದ್ವಾಂಸರು ಬೂಬರ್ ಅವರ ಸಹಾಯಕರಾಗಿ ಕೆಲಸ ಮಾಡಿ, ಶೋಕೆನ್ ಪ್ರಕಾಶನದ ಸಂಪಾದಕರಾದರು. ಬೂಬರ್ ಹೊರಗಿನಿಂದ ಸಲಹೆ ಕೊಡುತ್ತಿದ್ದರು. ಯಾವ ಸಂಪುಟದಲ್ಲಿ ಯಾರ ಪಾಲೆಷ್ಟು ಎಂದು ಅಳೆಯುವುದು ನನ್ನ ಉದ್ದೇಶವಲ್ಲ. ಅದು ಕೂಡಿ ಮಾಡಿದ ಕೆಲಸ.

ಆರಂಭದ ಪುಸ್ತಕ, ಆರಂಭದ ಮಾತು

೧೯೩೩ರ ಜನವರಿ ೩೦ರಂದು ಹಿಟ್ಲರ್ ಜರ್ಮನಿಯ ಚಾನ್ಸೆಲರ್ ಆದ. ಏಪ್ರಿಲ್ ೧ರಂದು ಯೆಹೂದ್ಯರ ಅಂಗಡಿಗಳಿಗೆ ಬಹಿಷ್ಕಾರ. ಮೇ ೧೦ರ ರಾತ್ರಿ ಬೀದಿಬೀದಿಗಳಲ್ಲಿ ಪುಸ್ತಕಗಳ ದಹನ. ಆ ದೇಶದಲ್ಲಿ ಆಗ ಇದ್ದ ಯೆಹೂದ್ಯರು ಸುಮಾರು ಐದು ಲಕ್ಷ. ಅವರಲ್ಲಿ ಬಹುಮಂದಿ ತಲೆಮಾರುಗಳಿಂದ ಜರ್ಮನ್ ಭಾಷೆಯನ್ನೇ ಮನೆಮಾತಾಗಿ ಮಾಡಿಕೊಂಡವರು, ಆ ದೇಶದ ಕವಿಗಳನ್ನೇ ತಮ್ಮ ಕವಿಗಳೆಂದು ಓದಿದವರು, ಹೀಬ್ರೂ ಬಾರದವರು. ನೀವು ನಮ್ಮವರಲ್ಲ ಎಂದು ದಿನವೂ ಕೇಳಿಸಿಕೊಳ್ಳುತ್ತಿದ್ದ ಅವರಿಗೆ, ಹಾಗಾದರೆ ನಾವು ಯಾರು ಎಂಬ ಪ್ರಶ್ನೆಗೆ ಉತ್ತರ ತಿಳಿದಿರಲಿಲ್ಲ.

ಇಂಥ ವರ್ಷದಲ್ಲಿ ಸಂಪಾದಕರು ಹೊಸ ಮಾಲೆಯ ಒಂದನೆಯ ಸಂಖ್ಯೆಯ ಪುಸ್ತಕವಾಗಿ ಏನನ್ನು ಆರಿಸಬೇಕು? ಪ್ರತಿಭಟನೆಯ ಪತ್ರವನ್ನು ಅಚ್ಚುಮಾಡುವಂತಿಲ್ಲ. ಮಾಡಿದರೆ ಮರುದಿನವೇ ಬಾಗಿಲಿಗೆ ಬೀಗ. ಅವರು ಆರಿಸಿದ್ದು ಪ್ರವಾದಿ ಯೆಶಾಯನ ಗ್ರಂಥದ ೪೦ರಿಂದ ೫೫ರವರೆಗಿನ ಅಧ್ಯಾಯಗಳನ್ನು. ಹೀಬ್ರೂ ಮೂಲ, ಜೊತೆಗೆ ಬೂಬರ್ ಮತ್ತು ರೋಸೆನ್‌ಜ್ವೈಗ್ ಅವರ ಜರ್ಮನ್ ಅನುವಾದ. ಪುಸ್ತಕಕ್ಕೆ ಇಟ್ಟ ಹೆಸರು 'ಇಸ್ರಯೇಲಿನ ಸಾಂತ್ವನ'.

ಓದುಗರೇ, ಈ ಅಧ್ಯಾಯಗಳು ನಿಮಗೆ ಅಪರಿಚಿತವಲ್ಲ. ಆಗಮನ ಕಾಲದಲ್ಲಿ ೪೦ನೆಯ ಅಧ್ಯಾಯವನ್ನೂ ಶುಭ ಶುಕ್ರವಾರದಂದು ನೊಂದ ಸೇವಕನ ಗೀತೆಯನ್ನೂ ನಾವು ದೇವಾಲಯದಲ್ಲಿ ಕೇಳುತ್ತೇವೆ. ಬಾಬಿಲೋನಿಯಾದಲ್ಲಿ ಸೆರೆಯಾಗಿದ್ದ ಜನರಿಗೆ ಹೇಳಿದ ಸಮಾಧಾನದ ಮಾತುಗಳಿವು. ಸಂಪಾದಕರು ಇವನ್ನು ೧೯೩೩ರ ಬರ್ಲಿನ್ನಿನಲ್ಲಿ ಮುಂದಿಟ್ಟಾಗ, ನೀವು ಈಗ ಸೆರೆಯಲ್ಲಿದ್ದೀರಿ, ಇದು ನಿಮ್ಮ ಹಿರಿಯರಿಗೆ ಹೊಸದಲ್ಲ, ಸೆರೆಗೂ ಒಂದು ಕೊನೆಯಿದೆ ಎಂಬ ಮೂರು ಮಾತುಗಳನ್ನು ಹೇಳಿದಂತಾಯಿತು. ಬೈಬಲಿನ ಅನುವಾದವೆಂದೇ ಅಧಿಕಾರಿಗಳ ಕಣ್ಣಿಗೆ ಕಾಣುವ ಪುಸ್ತಕ ಅದು. ಮನೆಗಳಲ್ಲಿ ತೆರೆದವರಿಗೆ ತಮಗೇ ಬಂದ ಕಾಗದ.

ಇದಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. ರೋಸೆನ್‌ಜ್ವೈಗ್ ೧೯೨೯ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಇಬ್ಬರ ಅನುವಾದ ಬಂದು ನಿಂತಿದ್ದುದು ಯೆಶಾಯನ ೫೩ನೆಯ ಅಧ್ಯಾಯದ ಬಳಿ. ಬೂಬರ್ ಒಬ್ಬರೇ ಆ ಕೆಲಸವನ್ನು ಮುಂದುವರಿಸಿ ಪೂರೈಸುವ ಹೊತ್ತಿಗೆ ೧೯೬೧ ಬಂದಿತ್ತು. ಮಾಲೆಯ ಆರಂಭದ ಪುಸ್ತಕವು ಹೀಗೆ ಒಬ್ಬ ರೋಗಿಯ ಕೊನೆಯ ದುಡಿಮೆಯನ್ನೂ ಹೊತ್ತಿತ್ತು.

ಇಲ್ಲಿ ವಿಮರ್ಶಕರು ಒಂದು ಆಕ್ಷೇಪ ಎತ್ತಬಹುದು. ಯೆಶಾಯನ ಗ್ರಂಥದಲ್ಲಿ ಸಾಂತ್ವನದ ಮೊದಲು ತೀರ್ಪಿದೆ. ಮೊದಲ ಮೂವತ್ತೊಂಬತ್ತು ಅಧ್ಯಾಯಗಳನ್ನು ಬಿಟ್ಟು ಸಮಾಧಾನವನ್ನಷ್ಟೇ ಕತ್ತರಿಸಿಕೊಡುವುದು ಪ್ರವಾದಿಗೆ ಮಾಡಿದ ಅನ್ಯಾಯವಲ್ಲವೇ? ಸಾಮಾನ್ಯ ಕಾಲದಲ್ಲಿ ಈ ಆಕ್ಷೇಪವನ್ನು ಒಪ್ಪಬೇಕಾದದ್ದೇ. ಆದರೆ ಆ ಓದುಗರು ತೀರ್ಪನ್ನು ಹಗಲಿರುಳೂ ಶತ್ರುವಿನ ಬಾಯಿಂದ, ಅನ್ಯಾಯವಾಗಿ, ಕೇಳುತ್ತಿದ್ದರು. ಅದರ ಮೇಲೆ ಪ್ರವಾದಿಯ ತೀರ್ಪನ್ನೂ ಹೇರಿದ್ದರೆ ಎರಡು ಧ್ವನಿಗಳು ಒಂದೇ ಎಂಬ ಭ್ರಮೆ ಹುಟ್ಟುತ್ತಿತ್ತು. ಯಾವುದನ್ನು ಯಾವಾಗ ಹೇಳಬಾರದು ಎಂಬ ತಿಳಿವೂ ಸಂಪಾದಕರ ವಿವೇಕವೇ.

ನೆರೆಯವನು ಯಾರು?

ಆರಂಭದ ವರ್ಷದಲ್ಲೇ ಬಂದ ಇನ್ನೊಂದು ಪುಸ್ತಕ ಹನ್ನೆರಡನೆಯ ಶತಮಾನದ ಸ್ಪೇಯ್ನಿನ ಹೀಬ್ರೂ ಕವಿ ಯೆಹೂದಾ ಹಲೇವಿಯ ಸಿಯೋನ್ ಗೀತೆಗಳು. ಹುಟ್ಟಿದ ನೆಲದಲ್ಲಿ ಸುಖವಾಗಿದ್ದೂ ಜೆರುಸಲೇಮಿಗಾಗಿ ಹಂಬಲಿಸಿ, ಕೊನೆಗೆ ಹಡಗು ಹತ್ತಿ ಹೊರಟ ಕವಿ ಆತ. ಸಾಂತ್ವನದ ಬೆನ್ನಿಗೇ ಪ್ರಯಾಣದ ಹಾಡುಗಳನ್ನು ಇಟ್ಟುದರ ಅರ್ಥ ಓದುಗರಿಗೆ ಹೊಳೆಯದೆ ಇರಲಾರದು: ತಾಳಿಕೊಳ್ಳಿರಿ, ಹೊರಡಲು ಸಾಧ್ಯವಾದರೆ ಹೊರಡಿರಿ.

೧೯೩೫ರ ಸೆಪ್ಟೆಂಬರಿನಲ್ಲಿ ನ್ಯೂರೆಂಬರ್ಗ್ ಕಾನೂನುಗಳು ಬಂದವು. ಯೆಹೂದ್ಯರು ಪೌರತ್ವದ ಹಕ್ಕನ್ನು ಕಳೆದುಕೊಂಡರು. ಇತರರೊಡನೆ ಅವರ ವಿವಾಹ ಅಪರಾಧವಾಯಿತು. ಅದೇ ವರ್ಷ ಮಾಲೆಯಲ್ಲಿ ಬಂದದ್ದು, ೧೯೧೮ರಲ್ಲಿ ತೀರಿಕೊಂಡ ದಾರ್ಶನಿಕ ಹರ್ಮನ್ ಕೋಹೆನ್ ಅವರ 'ನೆರೆಯವನು' ಎಂಬ ಪುಸ್ತಕ. ಇದರ ವಿಷಯದ ಬೇರು ೧೮೮೮ರಲ್ಲಿ ಮಾರ್ಬರ್ಗ್ ಊರಿನ ನ್ಯಾಯಾಲಯದಲ್ಲಿ ನಡೆದ ಮೊಕದ್ದಮೆಯಲ್ಲಿದೆ. ನೆರೆಯವನನ್ನು ಪ್ರೀತಿಸಬೇಕೆಂಬ ನಿಯಮ ಯೆಹೂದ್ಯರಿಗೆ ತಮ್ಮವರ ಮಟ್ಟಿಗಷ್ಟೇ ಅನ್ವಯಿಸುತ್ತದೆ ಎಂಬ ಆರೋಪ ಅಲ್ಲಿ ಕೇಳಿಬಂದಾಗ, ಕೋಹೆನ್ ಪರಿಣತರಾಗಿ ನ್ಯಾಯಾಲಯಕ್ಕೆ ತಮ್ಮ ಅಭಿಪ್ರಾಯ ಸಲ್ಲಿಸಿದ್ದರು. ಯಾಜಕಕಾಂಡದ ೧೯ನೆಯ ಅಧ್ಯಾಯದಲ್ಲಿ ನೆರೆಯವನ ಪ್ರೀತಿಯ ನಿಯಮದ ಜೊತೆಗೇ ಪರದೇಶಿಯನ್ನೂ ಪ್ರೀತಿಸಬೇಕೆಂಬ ನಿಯಮ ಇದೆಯೆಂಬುದನ್ನು ಬೈಬಲ್ ಓದುವ ನೀವು ಬಲ್ಲಿರಿ. ನಮ್ಮ ಪ್ರಭು ಯೇಸುವೂ ಅದೇ ಗ್ರಂಥದಿಂದ ಎತ್ತಿ ಹೇಳಿದ್ದು ಆ ನಿಯಮವನ್ನೇ.

ಗಮನಿಸಿರಿ: ನೆರೆಯವರೇ ಕೈಬಿಟ್ಟ ವರ್ಷದಲ್ಲಿ, ನೆರೆಯವರನ್ನು ದ್ವೇಷಿಸಿರಿ ಎಂದು ಹೇಳುವ ಪುಸ್ತಕವನ್ನು ಈ ಸಂಪಾದಕರು ಹುಡುಕಲಿಲ್ಲ. ನೆರೆಯವನು ಎಂಬ ಮಾತಿನ ಅರ್ಥವನ್ನು ಕಾಪಾಡಿ ಇಡುವ ಪುಸ್ತಕವನ್ನು ಹುಡುಕಿದರು. ಈ ಮಾಲೆಯ ನೈತಿಕ ಘನತೆ ಇಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆಂದು ನನ್ನ ಅಭಿಪ್ರಾಯ.

ಕಾಫ್ಕಾ ಕುರಿತ ಭಿನ್ನಾಭಿಪ್ರಾಯ

ಸಂಪಾದಕರ ಕೋಣೆಯಲ್ಲಿ ಎಲ್ಲವೂ ಒಮ್ಮತದಿಂದ ನಡೆಯಲಿಲ್ಲ. ಪ್ರಾಗ್ ನಗರದ ಲೇಖಕ ಫ್ರಾಂಜ್ ಕಾಫ್ಕಾ ೧೯೨೪ರಲ್ಲಿ ನಿಧನರಾಗಿದ್ದರು. ತಮ್ಮ ಹಸ್ತಪ್ರತಿಗಳನ್ನು ಸುಟ್ಟುಹಾಕಬೇಕೆಂದು ಅವರು ಕೇಳಿಕೊಂಡಿದ್ದರೂ ಗೆಳೆಯ ಮ್ಯಾಕ್ಸ್ ಬ್ರಾಡ್ ಸುಡಲಿಲ್ಲ. ಆ ಬರಹಗಳ ಸಮಗ್ರ ಪ್ರಕಟಣೆಯ ಪ್ರಸ್ತಾಪವನ್ನು ಶೋಕೆನ್ ಪ್ರಕಾಶನದ ಮುಂದಿಟ್ಟರು. ಶ್ನೈಡರ್ ಬೇಡವೆಂದರು. ಜರ್ಮನಿಯ ಯೆಹೂದ್ಯರಿಗೆ ಅವರ ಇತಿಹಾಸ ಪರಂಪರೆಗಳನ್ನು ಮತ್ತೆ ಪರಿಚಯಿಸುವುದು ಸಂಸ್ಥೆಯ ಗುರಿ. ಕಾಫ್ಕಾ ಆ ಗುರಿಗೆ ಹೊಂದುವುದಿಲ್ಲ, ಜನ ಓದುವುದೂ ಸಂದೇಹ ಎಂಬುದು ಅವರ ವಾದ. ಒಡೆಯ ಶೋಕೆನ್ ಅವರಿಗೂ ಮಾರಾಟದ ಬಗ್ಗೆ ಅನುಮಾನವಿತ್ತು. ಸ್ಪಿಟ್ಸರ್ ಮಾತ್ರ ಪಟ್ಟುಹಿಡಿದರು. ಯೆಹೂದ್ಯರ ಮೇಲೆ ಎರಗಿದ ಹೊಸ ಸ್ಥಿತಿಗೆ ಅರ್ಥ ಕೊಡಬಲ್ಲ ಧ್ವನಿಯೊಂದಿದ್ದರೆ ಅದು ಕಾಫ್ಕಾ ಅವರದು ಎಂದು ವಾದಿಸಿದರು.

ಶ್ನೈಡರ್ ಅವರ ವಾದ ಅವಿವೇಕದ್ದಾಗಿರಲಿಲ್ಲ. ಕಾಫ್ಕಾ ತಮ್ಮ ಕಾದಂಬರಿಗಳಲ್ಲಿ ಯೆಹೂದ್ಯರ ಹೆಸರನ್ನೇ ಎತ್ತುವುದಿಲ್ಲ. ಹಬ್ಬವಿಲ್ಲ, ಪ್ರಾರ್ಥನೆಯಿಲ್ಲ, ಜೆರುಸಲೇಮಿಲ್ಲ. ಆದರೂ ೧೯೩೪ರಲ್ಲಿ ಮಾಲೆಯ ೧೯ನೆಯ ಪುಸ್ತಕವಾಗಿ ಕಾಫ್ಕಾ ಬರಹಗಳ ಆಯ್ದ ಸಂಕಲನವೊಂದು 'ಕಾನೂನಿನ ಮುಂದೆ' ಎಂಬ ಹೆಸರಿನಲ್ಲಿ ಬಂತು. ಹೆಸರು ಕೊಟ್ಟ ಕಥೆ ಒಂದೆರಡು ಪುಟಗಳದ್ದು: ಹಳ್ಳಿಗನೊಬ್ಬ ಕಾನೂನಿನ ಬಾಗಿಲಿಗೆ ಬರುತ್ತಾನೆ, ಕಾವಲುಗಾರ ಈಗ ಬಿಡುವುದಿಲ್ಲ ಎನ್ನುತ್ತಾನೆ, ಹಳ್ಳಿಗ ಅಲ್ಲೇ ಕುಳಿತು ವರ್ಷಗಟ್ಟಲೆ ಕಾಯುತ್ತಾನೆ, ಮುದುಕನಾಗುತ್ತಾನೆ, ಆ ಬಾಗಿಲು ಇದ್ದುದು ಅವನೊಬ್ಬನಿಗಾಗಿಯೇ ಎಂಬುದು ಸಾಯುವ ಗಳಿಗೆಯಲ್ಲಿ ತಿಳಿಯುತ್ತದೆ.

ಈ ಕಥೆಯನ್ನು ಕಾಫ್ಕಾ ಬರೆದಾಗ ಹಿಟ್ಲರನ ಹೆಸರು ಯಾರಿಗೂ ತಿಳಿದಿರಲಿಲ್ಲ. ೧೯೩೪ರಲ್ಲಿ, ನ್ಯಾಯಾಲಯ, ಶಾಲೆ, ಕಛೇರಿಗಳ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ, ಅದೇ ಕಥೆ ಬೇರೆ ಅರ್ಥ ಪಡೆಯಿತು. ತಾವು ಕಾಯುತ್ತ ಕುಳಿತಿದ್ದೇವೆಯೇ, ಯಾರ ಅಪ್ಪಣೆಗಾಗಿ, ಇನ್ನೆಷ್ಟು ಕಾಲ ಎಂದು ಓದುಗನು ತನ್ನನ್ನೇ ಕೇಳಿಕೊಳ್ಳಬೇಕಾಯಿತು. ಲೇಖಕನ ಒಂದು ಅಕ್ಷರವನ್ನೂ ಬದಲಿಸದೆ, ಪುಸ್ತಕ ಇರುವ ಜಾಗವನ್ನು ಬದಲಿಸಿ ಸಂಪಾದಕರು ಅದಕ್ಕೆ ಹೊಸ ಬಾಳು ಕೊಟ್ಟರು. ಕಾಫ್ಕಾ ಅವರನ್ನು ಯೆಹೂದಿ ಲೇಖಕರೆಂದಷ್ಟೇ ಕಾಣುವುದು ಅವರನ್ನು ಕುಗ್ಗಿಸಿದಂತೆ ಎಂಬ ಮಾತಿನಲ್ಲಿ ಸತ್ಯವಿದೆ. ಆದರೂ ಆ ಹೊತ್ತಿಗೆ, ಆ ಓದುಗರಿಗೆ, ಸ್ಪಿಟ್ಸರ್ ಅವರ ತೀರ್ಮಾನ ಸರಿಯಾದದ್ದೇ.

ಮುಂದಿನ ವರ್ಷ ಸಮಗ್ರ ಕೃತಿಗಳ ಸಂಪುಟಗಳು ಬರತೊಡಗಿದವು. ದೇಶಭ್ರಷ್ಟ ಜರ್ಮನ್ ಲೇಖಕರ ಪತ್ರಿಕೆಯಲ್ಲಿ ಅವುಗಳ ಪ್ರಶಂಸೆ ಪ್ರಕಟವಾಯಿತು. ಹೊಗಳಿಕೆಯೇ ಮುಳುವಾಯಿತು. ೧೯೩೫ರ ಜುಲೈ ತಿಂಗಳಲ್ಲಿ ಗೋಬೆಲ್ಸನ ಪ್ರಚಾರ ಸಚಿವಾಲಯದಿಂದ ಪತ್ರ ಬಂತು: ಹಾನಿಕರ ಬರಹಗಳ ಪಟ್ಟಿಗೆ ಸೇರಿಸಿದ ಪುಸ್ತಕಗಳನ್ನು ಇನ್ನೂ ಮಾರುತ್ತಿದ್ದೀರಿ ಎಂಬ ದೂರು. ಉಳಿದ ಸಂಪುಟಗಳು ಪ್ರಾಗ್ ನಗರದ ಪ್ರಕಾಶಕರೊಬ್ಬರ ಹೆಸರಿನಲ್ಲಿ ಹೊರಬಂದವು. ಇಂದು ಲೋಕವೆಲ್ಲ ಓದುವ ಕಾಫ್ಕಾ ಹೀಗೆ ಕಿಟಕಿಯಿಂದ ದಾಟಿಸಿದ ಮಗುವಿನಂತೆ ಉಳಿದುಕೊಂಡವರು.

ಸುವಾರ್ತೆಯ ಕುರಿತು ಒಂದು ಯೆಹೂದಿ ಪುಸ್ತಕ

ಈಗ ಕ್ರೈಸ್ತರಾದ ನಮ್ಮ ಮನಸ್ಸನ್ನು ನೇರವಾಗಿ ತಟ್ಟುವ ಪುಸ್ತಕಕ್ಕೆ ಬರೋಣ. ೧೯೩೮ರಲ್ಲಿ, ಅಂದರೆ ಕೊನೆಯ ವರ್ಷದಲ್ಲಿ, ಮಾಲೆಯ ೮೭ನೆಯ ಪುಸ್ತಕವಾಗಿ ಬರ್ಲಿನ್ನಿನ ರಬ್ಬಿ ಲಿಯೋ ಬೆಕ್ ಅವರ ಗ್ರಂಥವೊಂದು ಬಂತು. ಯೆಹೂದಿ ವಿಶ್ವಾಸದ ಇತಿಹಾಸದ ದಾಖಲೆಯಾಗಿ ಸುವಾರ್ತೆ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಸುವಾರ್ತೆಗಳ ಅತ್ಯಂತ ಹಳೆಯ ಪದರವನ್ನು ಹುಡುಕುತ್ತ ಹೋದರೆ, ತನ್ನ ಜನರ ನಡುವೆ ಬಾಳಿದ, ತನ್ನ ಜನರ ಗ್ರಂಥವನ್ನು ಉಸಿರಾಡಿದ ಯೆಹೂದ್ಯನೊಬ್ಬನ ಕಥೆ ಸಿಗುತ್ತದೆ ಎಂದು ಬೆಕ್ ವಾದಿಸಿದರು. ಅವರ ಎಲ್ಲ ತೀರ್ಮಾನಗಳನ್ನು ಕ್ರೈಸ್ತ ಓದುಗರು ಒಪ್ಪಲಾರರು. ಆದರೆ ಆ ಪುಸ್ತಕ ಹೊರಬಂದ ಸಂದರ್ಭವನ್ನು ನೋಡಿರಿ.

೧೯೩೩ರ ನವೆಂಬರಿನಲ್ಲಿ, 'ಜರ್ಮನ್ ಕ್ರೈಸ್ತರು' ಎಂದು ತಮ್ಮನ್ನು ಕರೆದುಕೊಂಡವರು ಬರ್ಲಿನ್ನಿನಲ್ಲಿ ದೊಡ್ಡ ಸಭೆ ಸೇರಿಸಿದ್ದರು. ಹಳೆಯ ಒಡಂಬಡಿಕೆಯನ್ನೇ ಧರ್ಮಸಭೆಯಿಂದ ಹೊರಹಾಕಬೇಕೆಂಬ ಕೂಗು ಅಲ್ಲಿ ಎದ್ದಿತು. ಅದೇ ವರ್ಷದ ಆಗಮನ ಕಾಲದಲ್ಲಿ ಮ್ಯೂನಿಕ್ಕಿನ ಕಾರ್ಡಿನಲ್ ಫೌಲ್‌ಹಾಬರ್ ಪ್ರಬೋಧನೆಗಳ ಮೂಲಕ ಹಳೆಯ ಒಡಂಬಡಿಕೆಯನ್ನು ಧೈರ್ಯದಿಂದ ಸಮರ್ಥಿಸಿದರು. ಅದು ಸ್ಮರಣೀಯ. ಆದರೆ ತಾವು ಸಮರ್ಥಿಸುತ್ತಿರುವುದು ಕ್ರಿಸ್ತಪೂರ್ವದ ಇಸ್ರಯೇಲನ್ನು ಮಾತ್ರ ಎಂಬ ಗೆರೆಯನ್ನೂ ಅವರು ಎಳೆದರು. ಗ್ರಂಥಕ್ಕೆ ರಕ್ಷಣೆ ಸಿಕ್ಕಿತು. ಆ ಗ್ರಂಥವನ್ನು ಓದುತ್ತ ಪಕ್ಕದ ಬೀದಿಯಲ್ಲಿ ಬಾಳುತ್ತಿದ್ದ ಜನರಿಗೆ ಸಿಗಲಿಲ್ಲ. ಕ್ರೈಸ್ತರು ತಮ್ಮ ಯೇಸುವಿನ ಯೆಹೂದಿ ಗುರುತನ್ನು ಮರೆಯುತ್ತಿದ್ದಾಗ ಅದನ್ನು ನೆನಪಿಸಿದ್ದು ಕಿರುಕುಳಕ್ಕೆ ಒಳಗಾದ ರಬ್ಬಿಯೊಬ್ಬರ ಕಿರುಪುಸ್ತಕ. ಅದೂ ಎಂಥ ಕಾಲದಲ್ಲಿ? ಯೆಹೂದಿ ಪ್ರಕಾಶಕರು ಯೆಹೂದ್ಯರಿಗಷ್ಟೇ ಪುಸ್ತಕ ಮಾರಬೇಕೆಂಬ ಕಟ್ಟಳೆ ಆಗ ಜಾರಿಯಲ್ಲಿತ್ತು. ಅದನ್ನು ಓದಲೇಬೇಕಾಗಿದ್ದ ಕ್ರೈಸ್ತರ ಕೈಗೆ ಅದು ಸೇರದಂತೆ ಕಾನೂನೇ ತಡೆದಿತ್ತು.

ಬೆಕ್ ದೇಶ ಬಿಟ್ಟು ಹೋಗಲಿಲ್ಲ. ೧೯೪೩ರ ಜನವರಿಯಲ್ಲಿ ಅವರನ್ನು ಟೆರೇಜಿನ್‌ಷ್ಟಾಟ್ ಬಂದಿಶಿಬಿರಕ್ಕೆ ಸಾಗಿಸಲಾಯಿತು. ಬದುಕಿ ಹೊರಬಂದು ೧೯೫೬ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಯೆಹೂದ್ಯರೊಂದಿಗಿನ ಬಾಂಧವ್ಯವನ್ನು ಧರ್ಮಸಭೆ ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯಲ್ಲಿ ಸ್ಪಷ್ಟಪಡಿಸಿದ್ದು ೧೯೬೫ರಲ್ಲಿ.

ಸಾಂತ್ವನ ಸಾಕೇ?

ಇಷ್ಟೆಲ್ಲ ಹೊಗಳಿದ ಮೇಲೆ ಕಠಿಣವಾದ ಪ್ರಶ್ನೆಯನ್ನೂ ಎದುರಿಸಬೇಕು. ಈ ಪುಸ್ತಕಗಳಿಂದ ಯಾರ ಪ್ರಾಣ ಉಳಿಯಿತು? ಬೆಂಕಿ ಹತ್ತಿದ ಮನೆಯಲ್ಲಿ ಕುಳಿತವರಿಗೆ ಹಾಡು ಕೇಳಿಸಿದಂತೆ ಆಗಲಿಲ್ಲವೇ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳಬಹುದು. ನಾಜಿ ಸರಕಾರ ಯೆಹೂದಿ ಪ್ರಕಾಶನಗಳನ್ನು ಇಷ್ಟು ಕಾಲ ನಡೆಯಗೊಟ್ಟದ್ದು ಕರುಣೆಯಿಂದಲ್ಲ. ಯೆಹೂದ್ಯರು ಬೇರೆ, ಅವರ ಸಂಸ್ಕೃತಿ ಬೇರೆ, ಅವರನ್ನು ಬೇಲಿಯೊಳಗೆ ಇಡಬೇಕು ಎಂಬ ತನ್ನ ನೀತಿಗೆ ಅದು ಅನುಕೂಲವಾಗಿತ್ತು. ಹಾಗಿದ್ದರೆ ಈ ಸಂಪಾದಕರು ತಮಗೆ ಅರಿವಿಲ್ಲದೆ ಆ ಬೇಲಿಗೇ ಗೂಟ ನೆಟ್ಟರೇ?

ಬೇಲಿ ಹಾಕಿದವರು ಅವರಲ್ಲ, ನಿಜ. ಆದರೂ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ. ಈ ಮಾಲೆಯಲ್ಲಿ ದೋಷಗಳಿವೆ. ಇದು ಓದುಬರಹ ಬಲ್ಲ, ಪುಸ್ತಕ ಕೊಳ್ಳಬಲ್ಲ ಮನೆಗಳನ್ನು ನೆಚ್ಚಿಕೊಂಡಿತ್ತು. ಸೂಕ್ಷ್ಮವಾಗಿ ಹೇಳಿದ್ದನ್ನು ಸೂಕ್ಷ್ಮವಾಗಿ ಓದುವವರು ಮಾತ್ರ ಗ್ರಹಿಸಬಲ್ಲರು. ಉಳಿದವರಿಗೆ ಅದು ಹಳೆಯ ಕಥೆಯಾಗಿಯೇ ಉಳಿಯುತ್ತದೆ. ದೊಡ್ಡ ಗ್ರಂಥಗಳ ತುಣುಕುಗಳನ್ನು ಕೊಡುವಾಗ ಹಿನ್ನೆಲೆ ಕಳೆದುಹೋಗುತ್ತದೆ. ಅಪಾಯ ಇಂಥದು, ಇಷ್ಟು ಹತ್ತಿರದಲ್ಲಿದೆ ಎಂದು ನೇರವಾಗಿ ಸಾರುವ ಶಕ್ತಿ ಇಂಥ ಪುಸ್ತಕಗಳಿಗೆ ಇರಲಿಲ್ಲ. ಮುಂದೆ ನಡೆದ ಘೋರವನ್ನು ಆಗ ಯಾರೂ ಪೂರ್ತಿ ಊಹಿಸಿರಲಿಲ್ಲ ಎಂಬುದನ್ನೂ ಇದರೊಡನೆ ನೆನೆಯಬೇಕು.

ಆ ವರ್ಷಗಳಲ್ಲಿ ಬೂಬರ್ ಅವರೊಡನೆ ಯೆಹೂದಿ ವಯಸ್ಕರ ಶಿಕ್ಷಣಕ್ಕಾಗಿ ದುಡಿದ ಅರ್ನ್ಸ್ಟ್ ಸಿಮೋನ್ ಎಂಬ ವಿದ್ವಾಂಸರು ೧೯೫೯ರಲ್ಲಿ ಆ ಅನುಭವವನ್ನು ಕುರಿತು ಪುಸ್ತಕ ಬರೆದರು. ಅವನತಿಯ ನಡುವಿನ ಕಟ್ಟುವಿಕೆ ಎಂಬುದು ಅದರ ಹೆಸರಿನ ಅರ್ಥ. ಆ ಶಿಕ್ಷಣವನ್ನು ಅವರು ಆತ್ಮದ ಪ್ರತಿರೋಧವೆಂದು ಕರೆದರು. ಈ ಪುಸ್ತಕಮಾಲೆಗೂ ಆ ಮಾತು ಒಪ್ಪುತ್ತದೆ. ಮನುಷ್ಯನನ್ನು ಕೊಲ್ಲುವ ಮೊದಲು ಅವನು ಮನುಷ್ಯನಲ್ಲವೆಂದು ಅವನನ್ನೇ ನಂಬಿಸುವ ಪ್ರಯತ್ನ ನಡೆಯುತ್ತದೆ. ಆ ಪ್ರಯತ್ನವನ್ನು ಈ ಪುಸ್ತಕಗಳು ಮನೆಮನೆಯಲ್ಲಿ ತಡೆದವು. ಪ್ರಾಣ ಉಳಿಸುವುದು ಅವುಗಳ ಶಕ್ತಿಗೆ ಮೀರಿದ್ದು. ಹೆಸರನ್ನು, ನೆನಪನ್ನು, ಮಾನವನ್ನು ಉಳಿಸುವುದು ಅವುಗಳ ಕೈಯಲ್ಲಿತ್ತು. ಅದನ್ನು ಅವು ಮಾಡಿದವು. ಸಾಂತ್ವನ ಸಾಕಾಗಲಿಲ್ಲ ಎಂಬುದು ನಿಜ. ಆದರೆ ಸಾಲದ್ದನ್ನು ತುಂಬಿಕೊಡಬೇಕಾಗಿದ್ದವರು ಸಂಪಾದಕರಲ್ಲ. ಬೇಲಿಯ ಆಚೆ ಸುಮ್ಮನೆ ನಿಂತಿದ್ದ ನೆರೆಯವರು.

ಆನಂತರದ ಕಥೆ

೧೯೩೮ರ ನವೆಂಬರ್ ೯ರ ರಾತ್ರಿ ಜರ್ಮನಿಯ ಸಿನಗಾಗುಗಳು ಹೊತ್ತಿ ಉರಿದವು. ಅದರ ಬೆನ್ನಿಗೇ ಯೆಹೂದಿ ಪ್ರಕಾಶನಗಳನ್ನೆಲ್ಲ ಮುಚ್ಚಿಸಲಾಯಿತು. ಶೋಕೆನ್ ಪ್ರಕಾಶನವೂ ಮುಚ್ಚಿತು. ಸ್ಪಿಟ್ಸರ್ ೧೯೩೯ರಲ್ಲಿ ಜೆರುಸಲೇಮ್ ಸೇರಿ, ಮರುವರ್ಷ ತಾರ್ಶಿಷ್ ಎಂಬ ಚಿಕ್ಕ ಪ್ರಕಾಶನ ಆರಂಭಿಸಿದರು. ಹೀಬ್ರೂ ಅಕ್ಷರಗಳು ಅಚ್ಚಿನಲ್ಲಿ ಅಂದವಾಗಿ ಮೂಡಬೇಕೆಂದು, ಅಚ್ಚುಮೊಳೆಗಳ ಎರಕದ ಕೆಲಸಕ್ಕೂ ಕೈಹಾಕಿದರು.

ಶೋಕೆನ್ ೧೯೪೫ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಾಶನವನ್ನು ಮತ್ತೆ ತೆರೆದರು. ಅಲ್ಲಿ ೧೯೪೬ರಿಂದ ೧೯೪೮ರವರೆಗೆ ಸಂಪಾದಕಿಯಾಗಿ ದುಡಿದವರು, ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಚಿಂತಕಿ ಹನ್ನಾ ಆರೆಂಟ್. ಕಾಫ್ಕಾ ಅವರ ದಿನಚರಿಗಳು ಇಂಗ್ಲಿಷಿನಲ್ಲಿ ಬರುವಾಗ ಅವರ ಶ್ರಮವೂ ಅದರಲ್ಲಿ ಸೇರಿತ್ತು. ಬರ್ಲಿನ್ನಿನಲ್ಲಿ ಒಬ್ಬರ ಹಟದಿಂದ ಉಳಿದದ್ದನ್ನು ನ್ಯೂಯಾರ್ಕಿನಲ್ಲಿ ಇನ್ನೊಬ್ಬರು ಮುಂದಿನ ತಲೆಮಾರಿಗೆ ದಾಟಿಸಿದರು.

ಕ್ರೈಸ್ತ ಸಂಪಾದಕ ಶ್ನೈಡರ್ ಅವರ ಮಾತಿಗೆ ಮತ್ತೆ ಬರುತ್ತೇನೆಂದು ಹೇಳಿದ್ದೆ. ಯುದ್ಧ ಮುಗಿದ ಮೇಲೆ ಅವರು ಹೈಡೆಲ್‌ಬರ್ಗಿನಲ್ಲಿ ತಮ್ಮ ಹೆಸರಿನ ಪ್ರಕಾಶನವನ್ನು ಮುಂದುವರಿಸಿದರು. ಆಮ್‌ಸ್ಟರ್‌ಡ್ಯಾಮಿನ ಅಟ್ಟದ ಮನೆಯಲ್ಲಿ ಅಡಗಿದ್ದ ಆನ್ ಫ್ರಾಂಕ್ ಎಂಬ ಹುಡುಗಿಯ ದಿನಚರಿ ೧೯೫೦ರಲ್ಲಿ ಮೊದಲ ಬಾರಿಗೆ ಜರ್ಮನ್ ಭಾಷೆಯಲ್ಲಿ ಪುಸ್ತಕವಾಗಿ ಬಂದದ್ದು ಅವರ ಪ್ರಕಾಶನದಿಂದಲೇ. ತಮ್ಮ ದೇಶ ಮರೆಯಲು ಬಯಸುತ್ತಿದ್ದುದನ್ನು ಅದರ ಭಾಷೆಯಲ್ಲಿಯೇ ಅದಕ್ಕೆ ಓದಿಸಿದವರು ಅವರು. ಕಾಫ್ಕಾ ವಿಷಯದಲ್ಲಿ ಅವರ ಅಂದಾಜು ತಪ್ಪಿರಬಹುದು. ನೆರೆಯವನು ಯಾರು ಎಂಬ ವಿಷಯದಲ್ಲಿ ತಪ್ಪಲಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯ ಕಪಾಟಿನಲ್ಲಿ ಬೈಬಲ್ ಇದೆ, ಪ್ರಾರ್ಥನಾ ಪುಸ್ತಕಗಳಿವೆ, ಮಕ್ಕಳು ಶಾಲೆಯಲ್ಲಿ ಬಹುಮಾನವಾಗಿ ಪಡೆದ ಕಥೆಪುಸ್ತಕಗಳೂ ಇರಬಹುದು. ಅವುಗಳಲ್ಲಿ ಒಂದೊಂದರ ಹಿಂದೆಯೂ, ಇದು ಇವರಿಗೆ ಬೇಕು ಎಂದು ತೀರ್ಮಾನಿಸಿದ ಯಾರೋ ಇದ್ದಾರೆ. ಬರುವ ಆಗಮನ ಕಾಲದಲ್ಲಿ ಯೆಶಾಯನ ೪೦ನೆಯ ಅಧ್ಯಾಯವನ್ನು ಕೇಳುವಾಗ, ೧೯೩೩ರಲ್ಲಿ ಅದನ್ನೇ ಒಂದು ಕಿರುಪುಸ್ತಕದಲ್ಲಿ ಓದಿದ ಮನೆಗಳನ್ನು ನೆನೆಯಿರಿ. ಆ ಮಾತುಗಳು ಅವರಿಗೂ ನಮಗೂ ಒಂದೇ. ಅವರ ಬಾಗಿಲು ಬಡಿದ ರಾತ್ರಿ ಪಕ್ಕದ ಮನೆಯ ದೀಪ ಉರಿಯುತ್ತಿತ್ತೇ ಎಂಬ ಪ್ರಶ್ನೆಯನ್ನು ಮಾತ್ರ ಆ ಪುಸ್ತಕ ನಮ್ಮ ಪಾಲಿಗೆ ಬಿಟ್ಟುಹೋಗಿದೆ.